ಕೈಗೆ ಬಂದ ಸಟ್ಟುಗ

ಮಗಳೇ,

ಮೊನ್ನೆ ಭಾನುವಾರ ಅಮ್ಮನ ಜೊತೆ ಕಾಪುವಿನ ನಮ್ಮ ಮನೆಗೆ ಬಂದವಳು, ಮಣಿಪಾಲದಲ್ಲಿ ವಿದ್ಯಾರ್ಥಿ ಪರಿಷತ್ತಿನ ಅಧ್ಯಕ್ಷೆಯಾದ ಸುದ್ದಿ ಹೇಳಿ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ನಿನ್ನ ಅಮ್ಮ ನನ್ನ ವಿದ್ಯಾರ್ಥಿನಿ. ಕಾರ್ಕಳದ ಕಡೆಯಿಂದ ದಿನಾ ಬೆಳಿಗ್ಗೆ ತುಂಬಿದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಓದಿದವಳು. ಆಕೆಯ ಮುಖದಲ್ಲಿ ಕಂಡ ಹೆಮ್ಮೆ ನನ್ನದೂ ಹೌದು. ‘ಸರ್, ನಾನು ಮೊದಲು ಏನು ಮಾಡ್ಬೇಕು?’ ಎಂದು ಕೇಳಿದೆ. ಊಟದ ಹೊತ್ತು, ಮನೆ ತುಂಬ ಜನ. ‘ಚೆನ್ನಾಗಿ ಕೆಲಸ ಮಾಡು’ ಅಂದು ಕಳಿಸಿಬಿಟ್ಟೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ, ಅದರಲ್ಲಿ ಎಂಟು ವರ್ಷ ವಿದ್ಯಾರ್ಥಿ ಸಂಘದ ಸಲಹೆಗಾರನಾಗಿದ್ದವನು ಕೊಡುವ ಉತ್ತರ ಅದಲ್ಲ ಎಂದು ರಾತ್ರಿ ಅನ್ನಿಸಿತು. ಅದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ಒಂದು ಹಳೆಯ ಸಂಗತಿಯಿಂದ ಶುರು ಮಾಡುತ್ತೇನೆ. ಕಾಲೇಜಿನ ಹೆಸರು ಬೇಡ, ತೊಂಬತ್ತರ ದಶಕದ ಮಾತು. ಪಡುವಿನ ಮೀನುಗಾರರ ಮನೆಯ ಹುಡುಗನೊಬ್ಬ ಎರಡನೇ ಬಿ.ಕಾಂ.ನಲ್ಲಿದ್ದ. ಒಂದೇ ಕೋಣೆಯ ಮನೆ. ಅದರಲ್ಲಿ ಅಜ್ಜಿ, ತಂಗಿಯರು, ಬಲೆಯ ಕಟ್ಟು. ಅವನು ಅರ್ಧ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದು ವಿದ್ಯಾರ್ಥಿ ಸಂಘದ ಅಧ್ಯಕ್ಷನ ಕೈಗೆ ಕೊಟ್ಟಿದ್ದ. ವಾಚನಾಲಯವನ್ನು ಸಂಜೆ ಐದಕ್ಕೆ ಮುಚ್ಚುತ್ತಾರೆ, ಎಂಟರವರೆಗೆ ತೆರೆದಿಟ್ಟರೆ ಉಪಕಾರ, ಎಂದು. ಅಧ್ಯಕ್ಷ ಒಳ್ಳೆಯ ಮಾತುಗಾರ. ಸಂಘದ ಉದ್ಘಾಟನೆಯ ದಿನ ವೇದಿಕೆಯಲ್ಲಿ ನಿಂತು, ವಾಚನಾಲಯದ ಬಾಗಿಲು ನಿಮಗಾಗಿ ತೆರೆಸುತ್ತೇನೆ ಅಂದ. ಸಭಾಂಗಣ ಚಪ್ಪಾಳೆಯಿಂದ ಗುಡುಗಿತು. ಸಲಹೆಗಾರನಾಗಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನಾನೂ ಚಪ್ಪಾಳೆ ಹೊಡೆದೆ.

ಫೆಬ್ರವರಿಯ ಒಂದು ಸಂಜೆ, ಎಂಟು ಗಂಟೆಯ ಹೊತ್ತಿಗೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಆ ಹುಡುಗ ಕೂತಿರುವುದು ಕಂಡೆ. ತೊಡೆಯ ಮೇಲೆ ಕಾಸ್ಟ್ ಅಕೌಂಟೆನ್ಸಿ ಪುಸ್ತಕ. ಬೆಳಕಿಗೆ ಮುತ್ತಿದ ಹುಳಗಳು ಪುಟದ ಮೇಲೆ ಬೀಳುತ್ತಿದ್ದವು, ಒಂದೊಂದನ್ನೇ ಊದಿ ಆಚೆ ಮಾಡಿ ಓದುತ್ತಿದ್ದ. ‘ವಾಚನಾಲಯದ ವಿಷಯ ಏನಾಯ್ತು ಮಾರಾಯ?’ ಅಂತ ಕೇಳಿದೆ. ‘ಅದು ಆಗ್ಲಿಕ್ಕಿಲ್ಲ ಅಂತ ಕಾಣ್ತದೆ ಸರ್’ ಅಂದ. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ನೋಯಿಸಿತು. ಮರುದಿನ ಪ್ರಾಂಶುಪಾಲರ ಕೋಣೆಗೆ ಹೋದೆ. ಅವರು ಆಶ್ಚರ್ಯಪಟ್ಟರು. ‘ನನ್ನ ಹತ್ರ ಯಾರೂ ಕೇಳ್ಲೇ ಇಲ್ವಲ್ಲ?’ ಅಂದವರು ಆಗಲೇ ವಾಚ್‌ಮನ್‌ನನ್ನು ಕರೆಸಿ ಬೀಗದ ಕೈ ಕೊಟ್ಟರು. ಪರೀಕ್ಷೆಗೆ ಮೂರು ವಾರ ಉಳಿದಿತ್ತು.

‘ಇಲ್ಲ’ ಎಂದು ಯಾರೂ ಅಂದಿರಲಿಲ್ಲ, ಮಗಳೇ. ಕೇಳಿದವರೇ ಇರಲಿಲ್ಲ. ಆ ಚೀಟಿ ಅಧ್ಯಕ್ಷನ ಅಂಗಿಯ ಕಿಸೆಯಿಂದ ಸಂಘದ ಫೈಲಿಗೆ ಬಂದು, ಎಂಟು ತಿಂಗಳು ಅಲ್ಲೇ ಮಲಗಿತ್ತು. ಆ ಫೈಲು ನನ್ನ ಕಪಾಟಿನಲ್ಲಿತ್ತು. ತಪ್ಪು ಆ ಅಧ್ಯಕ್ಷನೊಬ್ಬನದಲ್ಲ, ನನ್ನದೂ ಹೌದು.

ಮರುವರ್ಷ ಅಧ್ಯಕ್ಷೆಯಾದವಳು ಮೈಕ್ ಹಿಡಿದರೆ ಬೆವರುವ ಹುಡುಗಿ. ಅವಳು ಮಾಡಿದ್ದನ್ನು ಗಮನವಿಟ್ಟು ಕೇಳು. ಸಂಜೆ ನಿಲ್ಲಬಯಸುವವರು ಎಷ್ಟು ಜನ ಎಂದು ತರಗತಿ ತರಗತಿಗೆ ಹೋಗಿ ಹೆಸರು ಬರೆದುಕೊಂಡಳು. ಶಿರ್ವದ ಕಡೆಯ ಕೊನೆಯ ಬಸ್ಸು ಎಷ್ಟಕ್ಕೆ, ಕಾರ್ಕಳದ ಕಡೆಯದು ಎಷ್ಟಕ್ಕೆ ಎಂದು ಕಂಡಕ್ಟರುಗಳನ್ನೇ ಕೇಳಿ ತಿಳಿದುಕೊಂಡಳು. ವಾಚ್‌ಮನ್‌ಗೆ ಮೂರು ಗಂಟೆಯ ಹೆಚ್ಚುವರಿ ಸಂಬಳ ಎಷ್ಟಾಗುತ್ತದೆ ಎಂದು ಆಫೀಸಿನಲ್ಲಿ ವಿಚಾರಿಸಿದಳು. ಹುಡುಗಿಯರು ಕತ್ತಲಲ್ಲಿ ನಿಲ್ದಾಣದವರೆಗೆ ನಡೆಯಬೇಕಲ್ಲ, ದಾರಿಯಲ್ಲಿ ಯಾವ ಎರಡು ಕಂಬಗಳ ದೀಪ ಕೆಟ್ಟಿದೆ ಎಂಬುದನ್ನೂ ಗುರುತು ಹಾಕಿಕೊಂಡಳು. ಎಲ್ಲವನ್ನೂ ಒಂದೇ ಪುಟದಲ್ಲಿ ಬರೆದು ಪ್ರಾಂಶುಪಾಲರ ಮೇಜಿನ ಮೇಲಿಟ್ಟು, ‘ಉತ್ತರಕ್ಕೆ ಯಾವಾಗ ಬರ್ಲಿ ಸರ್?’ ಎಂದು ಕೇಳಿ ನಿಂತಳು. ಆ ಒಂದು ಪ್ರಶ್ನೆಯಲ್ಲಿ ಅಧ್ಯಕ್ಷಗಿರಿ ಪೂರ್ತಿ ಇದೆ. ವರ್ಷವಿಡೀ ವಾಚನಾಲಯ ಎಂಟರವರೆಗೆ ತೆರೆದಿತ್ತು. ಅವಳ ಭಾಷಣ ಒಂದಾದರೂ ಯಾರಿಗೂ ನೆನಪಿರಲಿಕ್ಕಿಲ್ಲ.

ಆದ್ದರಿಂದ ನೀನು ಮೊದಲು ಮಾಡಬೇಕಾದದ್ದು ಇದು. ನಿನ್ನ ಹತ್ತಿರ ಯಾರು ಏನು ಕೇಳಿದರೂ ಅದನ್ನು ಬರೆದುಕೋ, ಮೇಲಿನವರಿಗೆ ಮುಟ್ಟಿಸು, ಅವರು ಹೇಳಿದ ಉತ್ತರವನ್ನು ಕೇಳಿದವನಿಗೆ ವಾಪಸು ತಂದು ಹೇಳು. ಉತ್ತರ ‘ಆಗುವುದಿಲ್ಲ’ ಎಂದಾದರೂ ಹೇಳು. ಆಗದ ಕೆಲಸಕ್ಕೆ ಮಕ್ಕಳು ಬೇಸರಪಟ್ಟುಕೊಂಡು ಮರೆಯುತ್ತಾರೆ. ಉತ್ತರವೇ ಬಾರದಿದ್ದರೆ ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ಕೇಳುವುದನ್ನು ಬಿಟ್ಟ ಮಕ್ಕಳಿರುವ ಕ್ಯಾಂಪಸ್ಸಿನಲ್ಲಿ ಪರಿಷತ್ತು ಇದ್ದೂ ಇಲ್ಲ.

ಇದಕ್ಕೆ ಮಾದರಿ ಹುಡುಕಿಕೊಂಡು ನೀನು ದೂರ ಹೋಗಬೇಕಾಗಿಲ್ಲ. ನೀನು ಓದುವ ಆ ಗುಡ್ಡವನ್ನು ಊರಾಗಿ ಮಾಡಿದ ಡಾ. ಟಿ.ಎಂ.ಎ. ಪೈ 1953ರಲ್ಲಿ ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆಯುವ ಎಷ್ಟೋ ವರ್ಷ ಮೊದಲು, 1925ರಲ್ಲಿ, ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಸೇರಿ ಉಡುಪಿಯಲ್ಲಿ ಒಂದು ಬ್ಯಾಂಕು ಕಟ್ಟಿದ್ದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಬ್ಯಾಂಕಿನವನೇ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ನನ್ನ ಚಿಕ್ಕಂದಿನಲ್ಲಿ ನಮ್ಮ ಅಂಗಡಿಗೂ ಪಿಗ್ಮಿಯವರು ಬರುತ್ತಿದ್ದರು. ಮಳೆಗಾಲದಲ್ಲಿ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ತಮ್ಮ ಪುಸ್ತಕದಲ್ಲೊಮ್ಮೆ ನಮ್ಮ ಕಾರ್ಡಿನಲ್ಲೊಮ್ಮೆ ಬರೆದು ಸಹಿ ಹಾಕಿ ಹೋಗುತ್ತಿದ್ದರು. ಎರಡೂ ಕಡೆ ಬರೆದದ್ದರಿಂದಲೇ ನನ್ನ ಅಪ್ಪ ಅವರನ್ನು ನಂಬಿದ್ದು. ನೀನೂ ಹಾಗೆ ಮಾಡು. ಅಹವಾಲು ನಿನ್ನ ನೋಟ್‌ಬುಕ್ಕಿನಲ್ಲೂ ಇರಲಿ, ಕೊಟ್ಟವರ ಕೈಯಲ್ಲೂ ತಾರೀಕು ಸಮೇತ ಒಂದು ಗುರುತಿರಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಬ್ಬೆರಳಿನ ಚಿತ್ರ ಹಾಕಿದರೆ ಅದು ಉತ್ತರವಾಗುವುದಿಲ್ಲ. ಜನ ನಿನ್ನಲ್ಲಿಗೆ ಬರಲಿ ಎಂದು ಕೋಣೆಯಲ್ಲಿ ಕಾಯಬೇಡ. ವಾರಕ್ಕೊಂದು ಸಂಜೆ ಒಂದು ಹಾಸ್ಟೆಲ್ಲಿನ ಮೆಸ್ಸಿನಲ್ಲಿ ತಟ್ಟೆ ಹಿಡಿದು ಕೂತರೆ, ಯಾವ ಸಭೆಯೂ ಕಲಿಸದ್ದನ್ನು ಆ ಅರ್ಧ ಗಂಟೆ ಕಲಿಸುತ್ತದೆ.

ಕಾನೂನೂ ನಿನ್ನ ಬೆನ್ನಿಗಿದೆ. ಯುಜಿಸಿಯ 2023ರ ನಿಯಮದಂತೆ ಪ್ರತಿಯೊಂದು ಸಂಸ್ಥೆಯಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ದೂರು ತಲುಪಿದ 15 ಕೆಲಸದ ದಿನಗಳೊಳಗೆ ಅದು ವರದಿ ಕೊಡಬೇಕು. ಸಮಾಧಾನವಾಗದಿದ್ದರೆ ಒಂಬುಡ್ಸ್‌ಪರ್ಸನ್ ಇದ್ದಾರೆ. ಇದನ್ನು ತಿಳಿಯದ ವಿದ್ಯಾರ್ಥಿ ನಾಯಕರನ್ನು ಎಷ್ಟೋ ಕಂಡಿದ್ದೇನೆ. ಒಂದು ರಾತ್ರಿ ಕೂತು ನಿಯಮ ಓದಿಬಿಡು. ಗಲಾಟೆ ಮಾಡಿ ಒಂದು ತಿಂಗಳಲ್ಲಿ ಆಗದ ಎಷ್ಟೋ ಕೆಲಸ, ನಿಯಮದ ಸಂಖ್ಯೆ ನಮೂದಿಸಿದ ಒಂದು ಅರ್ಜಿಯಿಂದ ಆಗುತ್ತದೆ.

ಇನ್ನು ನೀನು ಯಾರ ಪ್ರತಿನಿಧಿ ಎಂಬ ಪ್ರಶ್ನೆ. ನಮ್ಮ ರಾಜ್ಯದಲ್ಲಿ ಹೊಡೆದಾಟಗಳ ಕಾರಣಕ್ಕೆ 1989ರ ಹೊತ್ತಿಗೆ ಕಾಲೇಜು ಚುನಾವಣೆಗಳು ನಿಂತವು. ಆಮೇಲೆ ಕೆಲವು ಕಡೆ ತರಗತಿ ಪ್ರತಿನಿಧಿಗಳೇ ಕೂತು ಆರಿಸುತ್ತಾರೆ, ಕೆಲವು ಕಡೆ ಸಂದರ್ಶನ, ಕೆಲವು ಕಡೆ ಅಂಕ ನೋಡಿ ನೇಮಕ, ಮತ್ತೆ ಕೆಲವು ಕಡೆ ಮತದಾನ. ಚುನಾವಣೆ ನಡೆದರೆ ಹೇಗೆ ನಡೆಯಬೇಕು ಎಂಬುದನ್ನು ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಅವರ ಸಮಿತಿ ಹೇಳಿದೆ, ಸುಪ್ರೀಂ ಕೋರ್ಟು 2006ರಲ್ಲಿ ಅದನ್ನು ಒಪ್ಪಿ ಜಾರಿಗೆ ತಂದಿದೆ. ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಹಾಜರಿ ಶೇ. 75 ಇರಬೇಕು, ಆ ವರ್ಷ ಯಾವ ವಿಷಯವೂ ಬಾಕಿ ಇರಬಾರದು, ಅಚ್ಚು ಹಾಕಿಸಿದ ಪೋಸ್ಟರ್ ಬೇಡ, ಕೈಯಲ್ಲೇ ಬರೆಯಬೇಕು. ಪದಾಧಿಕಾರಿಯ ಸ್ಥಾನಕ್ಕೆ ಒಬ್ಬರು ಒಂದೇ ಸಲ ನಿಲ್ಲಬಹುದು. ಆ ಕೊನೆಯ ನಿಯಮ ನನಗೆ ಬಹಳ ಇಷ್ಟ. ಮರು ಆಯ್ಕೆಯ ಆಸೆ ಇಲ್ಲದವರು ಧೈರ್ಯವಾಗಿ ಕೆಲಸ ಮಾಡಬಹುದು. ನೀನು ಹೇಗೇ ಆಯ್ಕೆಯಾಗಿರು, ನಿನ್ನನ್ನು ಬಯಸದವರೂ ಆ ಕ್ಯಾಂಪಸ್ಸಿನಲ್ಲಿದ್ದಾರೆ. ಮೊದಲ ತಿಂಗಳಲ್ಲೇ ಅವರಲ್ಲಿ ಹತ್ತು ಜನರನ್ನು ಚಹಾಕ್ಕೆ ಕರೆ. ನಿನಗೆದುರಾಗಿ ನಿಂತಿದ್ದವರು ಯಾರಾದರೂ ಇದ್ದರೆ ಅವರನ್ನು ಮೊದಲು ಕರೆ.

ಈಗ ಹಬ್ಬದ ಮಾತು. ಮಣಿಪಾಲದಲ್ಲಿ ಟೆಕ್‌ತತ್ವ, ರೆವೆಲ್ಸ್‌ನಂಥ ಉತ್ಸವಗಳು ಬಂದಾಗ ಗುಡ್ಡವೆಲ್ಲ ಜಾತ್ರೆಯಂತೆ ಆಗುವುದನ್ನು ನೋಡಿದ್ದೇನೆ. ಅಲ್ಲಿ ಹೊಗಳಿಕೆ ಹಂಚಿಕೆಯಾಗುವ ಹೊತ್ತಿಗೆ ನೀನು ಎಚ್ಚರವಾಗಿರಬೇಕು. ನಿನ್ನ ಊರಾದ ಕಾರ್ಕಳದ ಗೊಮ್ಮಟನನ್ನು ನೆನೆಸಿಕೋ. ವೀರಪಾಂಡ್ಯ ಬೈರರಸ 1432ರಲ್ಲಿ ನಿಲ್ಲಿಸಿದ ಆ 42 ಅಡಿಯ ಮೂರ್ತಿಯ ಚರಿತ್ರೆ ಶಾಸನದಲ್ಲಿದೆ. ನಮ್ಮ ತುಳುವರ ಹಾಡುಕಥೆಯಾದ ಪಾಡ್ದನದಲ್ಲಿ ಅದರ ಇನ್ನೊಂದು ಕಥೆ ಇದೆ. ಇಂಥ ಮೂರ್ತಿ ಇನ್ನೆಲ್ಲೂ ಆಗಬಾರದೆಂದು ಅರಸ ಶಿಲ್ಪಿ ಕಲ್ಕುಡನ ಒಂದು ಕೈ, ಒಂದು ಕಾಲು ಕಡಿಸಿದ ಎಂಬ ಕಥೆ. ಉಳಿದ ಒಂದೇ ಕೈಯಲ್ಲಿ ಅವನು ವೇಣೂರಿನ ಗೊಮ್ಮಟನನ್ನು ಕಡೆದ. ಅವನೂ ತಂಗಿ ಕಲ್ಲುರ್ಟಿಯೂ ದೈವಗಳಾದರು. ಇಂದಿಗೂ ತುಳುನಾಡಿನ ಎಷ್ಟೋ ಕಡೆ ಕಲ್ಕುಡ ಕಲ್ಲುರ್ಟಿಗೆ ದೈವಾರಾಧನೆಯ ಕೋಲ ನಡೆಯುತ್ತದೆ. ಕೆಲಸ ಮಾಡಿದವನ ಕೈಯನ್ನು ಅರಸ ಕಡಿಯಬಾರದು ಎಂಬ ತೀರ್ಪನ್ನು ಈ ನಾಡು ನೂರಾರು ವರ್ಷಗಳಿಂದ ರಾತ್ರಿಯಿಡೀ ನಿದ್ದೆಗೆಟ್ಟು ಕೇಳುತ್ತಾ ಬಂದಿದೆ. ನಿಮ್ಮ ಉತ್ಸವದಲ್ಲೂ ಹಗ್ಗ ಕಟ್ಟಿದ ಹುಡುಗ, ಧ್ವನಿವರ್ಧಕದ ತಂತಿ ಎಳೆದವನು, ಮೂರು ದಿನ ನಿದ್ದೆಗೆಟ್ಟು ಅತಿಥಿಗಳ ಕೋಣೆ ನೋಡಿಕೊಂಡ ಹುಡುಗಿ, ಮರುದಿನ ಬೆಳಿಗ್ಗೆ ಮೈದಾನ ಗುಡಿಸಿದ ಹೆಂಗಸರು, ಇವರ ಹೆಸರುಗಳು ನಿನ್ನ ಬಾಯಲ್ಲಿ ಮೊದಲು ಬರಬೇಕು. ಗುಡಿಸಿದವರ ಹೆಸರು ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೋ.

ಹಣದ ವಿಷಯ ಚುಟುಕಾಗಿ ಹೇಳುತ್ತೇನೆ. ಪ್ರಾಯೋಜಕರ ಹಣ, ಟೀಶರ್ಟಿನ ಹಣ, ನೋಂದಣಿಯ ಹಣ, ಒಂದು ರೂಪಾಯಿಯೂ ನಿನ್ನ ಸ್ವಂತ ಫೋನಿನ ಯುಪಿಐಗೆ ಬರಬಾರದು. ಸಂಸ್ಥೆಯ ಖಾತೆಗೇ ಬರಲಿ, ಪ್ರತಿ ಖರ್ಚಿಗೂ ಎರಡು ಸಹಿ ಇರಲಿ. ಉತ್ಸವ ಮುಗಿದ ಹದಿನೈದು ದಿನದೊಳಗೆ ಲೆಕ್ಕ ನೋಟಿಸ್ ಬೋರ್ಡಿಗೆ ಹೋಗಲಿ. ಪ್ರಾಮಾಣಿಕರೇ ಲೆಕ್ಕದಲ್ಲಿ ಸೋಮಾರಿಗಳಾಗಿ ಹೆಸರು ಕೆಡಿಸಿಕೊಂಡದ್ದನ್ನು ನಾನು ಎರಡು ಸಲ ನೋಡಿದ್ದೇನೆ. ಇಬ್ಬರೂ ಕದ್ದವರಲ್ಲ. ಬಿಲ್ಲು ಇಟ್ಟುಕೊಂಡಿರಲಿಲ್ಲ, ಅಷ್ಟೇ.

ಆಡಳಿತದ ಎದುರು ನಿಲ್ಲಬೇಕಾದ ದಿನವೂ ಬರುತ್ತದೆ. ಆಗ ನಿನಗೆ ಕಾರ್ಕಳ ತಾಲೂಕಿನವರೇ ಆದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು ನೆನಪಾಗಲಿ. ಕೇಶವಾನಂದ ಭಾರತಿ ಪ್ರಕರಣದ ಹದಿಮೂರು ನ್ಯಾಯಾಧೀಶರಲ್ಲಿ ಅವರೊಬ್ಬರು. ಆ ಪ್ರಕರಣದ ಸ್ವಾಮೀಜಿಯೂ ನಮ್ಮ ನೆರೆಯ ಕಾಸರಗೋಡಿನ ಎಡನೀರು ಮಠದವರು. 1973ರ ಏಪ್ರಿಲ್ 24ರಂದು ಏಳು ಜನರ ಬಹುಮತದಲ್ಲಿ ನಿಂತು, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದು ಹೇಳಿದರು. ಅದರ ಬೆನ್ನಿಗೇ ಅವರ ಹಿರಿತನವನ್ನು ಮೀರಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಹೆಗ್ಡೆಯವರು ಶೇಲತ್, ಗ್ರೋವರ್ ಅವರ ಹಾಗೆ ರಾಜೀನಾಮೆ ಕೊಟ್ಟು ಹೊರಬಂದರು. ಮುಂದೆ 1977ರಲ್ಲಿ ಲೋಕಸಭೆಯ ಸ್ಪೀಕರ್ ಆದರು, ಆಮೇಲೆ ನಿಟ್ಟೆ ಎಂಬ ಹಳ್ಳಿಯಲ್ಲಿ ವಿದ್ಯಾಸಂಸ್ಥೆ ಕಟ್ಟಿದರು. ಬರೆಯಬೇಕಾದ ತೀರ್ಪು ಬರೆದಾಗಿತ್ತು, ಕುರ್ಚಿ ಬಿಟ್ಟೆದ್ದು ಬರುವುದು ಅವರಿಗೆ ಕಷ್ಟವಾಗಲಿಲ್ಲ ಎಂದೇ ನನ್ನ ನಂಬಿಕೆ. ನಿನ್ನ ವಿಷಯ ಅಷ್ಟು ದೊಡ್ಡದಿರಲಿಕ್ಕಿಲ್ಲ. ಶುಲ್ಕದ ದಂಡವೋ, ಹಾಸ್ಟೆಲ್ ಬಾಗಿಲು ಹಾಕುವ ಹೊತ್ತೋ ಇರಬಹುದು. ಆದರೂ ಮಾತಾಡುವ ಮೊದಲು ಪೂರ್ತಿ ಓದು, ವಿನಯದಿಂದ ಮಾತಾಡು, ಹೇಳಿದ್ದನ್ನು ಬರಹದಲ್ಲಿ ಕೊಡು. ಪರಿಷತ್ತಿನ ಸಭೆಯಲ್ಲಿ ಒಂದು ಮಾತು, ಕುಲಪತಿಗಳ ಕೋಣೆಯಲ್ಲಿ ಇನ್ನೊಂದು ಮಾತು ಆಡಬೇಡ. ಎರಡು ಕಡೆಯೂ ಒಂದೇ ಮಾತು ಆಡಿದವರನ್ನು ಎರಡು ಕಡೆಯವರೂ ಕೊನೆಗೆ ನಂಬುತ್ತಾರೆ.

ರಾತ್ರಿ ಎರಡು ಗಂಟೆಗೆ ಫೋನ್ ಬರುತ್ತದೆ. ಅಳುವ ದನಿ ಇರುತ್ತದೆ, ಕೆಲವೊಮ್ಮೆ ಬರೀ ಮೌನ. ಈ ಒಂದು ವಿಷಯದಲ್ಲಿ ನನ್ನ ಮಾತನ್ನು ಮೀರಬೇಡ. ಯಾರಾದರೂ ಬದುಕು ಬೇಡವೆಂದರೆ, ‘ಯಾರಿಗೂ ಹೇಳಬೇಡ’ ಎಂಬ ಆಣೆಗೆ ನೀನು ಕಟ್ಟುಬೀಳಬೇಕಾಗಿಲ್ಲ. ಕೂಡಲೇ ವಾರ್ಡನ್ನರನ್ನು ಎಬ್ಬಿಸು, ಆ ಮಗುವನ್ನು ಒಂಟಿಯಾಗಿ ಬಿಡಬೇಡ, ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು. ರ‍್ಯಾಗಿಂಗ್ ಆಗಿದ್ದರೆ 1800-180-5522. ಲೈಂಗಿಕ ಕಿರುಕುಳದ ದೂರು ಬಂದರೆ ‘ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತೇನೆ’ ಎಂಬ ಪಂಚಾಯಿತಿಗೆ ಇಳಿಯಲೇಬೇಡ. ಅದಕ್ಕೆ ಆಂತರಿಕ ಸಮಿತಿ ಇದೆ, ದೂರುದಾರಳ ಜೊತೆ ಅದರ ಬಾಗಿಲವರೆಗೆ ನಡೆದು ಹೋಗು, ಹೆಸರನ್ನು ನಿನ್ನ ಹೊಟ್ಟೆಯಲ್ಲೇ ಇಟ್ಟುಕೋ. ನೀನು ವೈದ್ಯಳೂ ಅಲ್ಲ, ನ್ಯಾಯಾಧೀಶಳೂ ಅಲ್ಲ. ಸರಿಯಾದ ಬಾಗಿಲು ತೋರಿಸಬಲ್ಲ ಅಕ್ಕ. ಅಷ್ಟಾದರೆ ಬೇಕಾದಷ್ಟಾಯಿತು.

ಇನ್ನೊಂದು ಮಾತು, ನೀನು ಊರಿನವಳು ಎಂಬುದರಿಂದ. ಆ ಕ್ಯಾಂಪಸ್ಸಿಗೆ ದೇಶದ ಮೂಲೆಮೂಲೆಯಿಂದ, ಹೊರದೇಶಗಳಿಂದಲೂ ಮಕ್ಕಳು ಬರುತ್ತಾರೆ. ನಾಲ್ಕೈದು ವರ್ಷ ಇದ್ದು, ಟೈಗರ್ ಸರ್ಕಲ್, ಎಂಡ್ ಪಾಯಿಂಟ್ ಬಿಟ್ಟರೆ ಬೇರೇನೂ ಕಾಣದೆ ಹೋಗುವವರಿದ್ದಾರೆ. ಆಟೋದವರು, ಮೆಸ್ಸಿನವರು, ಆಸ್ಪತ್ರೆಯ ಆಯಾಗಳು ಮಾತಾಡುವ ತುಳು, ಕೊಂಕಣಿ, ಕನ್ನಡ, ಬ್ಯಾರಿ ಅವರ ಕಿವಿಗೆ ಬೀಳುವುದೇ ಇಲ್ಲ. ಊರಿನವರಿಗೂ ಆ ಮಕ್ಕಳೆಂದರೆ ರಾತ್ರಿ ಬೈಕಿನ ಸದ್ದು ಎಂದಷ್ಟೇ ಗೊತ್ತು. ಎರಡು ಕಡೆಯ ಭಾಷೆಯೂ ನಿನ್ನ ಬಾಯಲ್ಲಿದೆ. ಹೊಸಬರು ಬಂದ ಮೊದಲ ವಾರದಲ್ಲಿ ಐವತ್ತು ಜನರನ್ನು ಕರೆದುಕೊಂಡು ಉಡುಪಿಯ ರಥಬೀದಿ, ಕಾರ್ಕಳದ ಚತುರ್ಮುಖ ಬಸದಿ, ಅತ್ತೂರಿನ ಇಗರ್ಜಿ, ಕಾಪುವಿನ ಕಡಲು ತೋರಿಸು. ಆಟೋದವರ ಜೊತೆ ವರ್ಷಕ್ಕೊಮ್ಮೆ ಕೂತು ಮಾತಾಡು. ಊರಿನ ಕೆಲಸದಿಂದಲೇ ನಾಯಕರಾದವರನ್ನು ನೋಡು. ಮಣಿಪಾಲದಲ್ಲೇ ಓದಿ ವೈದ್ಯರಾದ ವಿ.ಎಸ್. ಆಚಾರ್ಯರು 1968ರಲ್ಲಿ ಉಡುಪಿ ಪುರಸಭೆಯ ಅಧ್ಯಕ್ಷರಾಗಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದರು. ಉಡುಪಿಯಿಂದ ಐದು ಸಲ ಲೋಕಸಭೆಗೆ ಹೋದ ಆಸ್ಕರ್ ಫರ್ನಾಂಡಿಸ್ ಕೂಡ ಅದೇ ಪುರಸಭೆಯ ಸದಸ್ಯರಾಗಿ ಶುರು ಮಾಡಿದವರು. ಪಕ್ಷ ಬೇರೆ ಬೇರೆ. ಕಲಿತದ್ದು ಮಾತ್ರ ಇಬ್ಬರೂ ಇದೇ ಊರಿನ ನಲ್ಲಿ, ಚರಂಡಿಗಳ ನಡುವೆ.

ಕೊನೆಗೆ ಸಟ್ಟುಗದ ಮಾತು. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ, ಉಡುಪಿ ಕೃಷ್ಣಮಠದ ಪರ್ಯಾಯ ಪೀಠವೇರುವ ಸ್ವಾಮೀಜಿ ನಮ್ಮ ಕಾಪುವಿನ ದಂಡತೀರ್ಥಕ್ಕೆ ಬಂದು ಮೀಯುತ್ತಾರೆ. ಬಾಲಕನಾಗಿದ್ದಾಗ ಮಧ್ವಾಚಾರ್ಯರು ತಮ್ಮ ಗುರುವಿಗಾಗಿ ದಂಡದಿಂದ ನೀರು ಹರಿಸಿದ ಜಾಗ ಎಂದು ನಂಬಿಕೆ. ಚಿಕ್ಕಂದಿನಿಂದಲೂ ಆ ಚಳಿಯಲ್ಲಿ ಹೋಗಿ ನಿಂತು ನೋಡಿದ್ದೇನೆ. ಅಲ್ಲಿಂದ ಉಡುಪಿಯ ಜೋಡುಕಟ್ಟೆ, ಮೆರವಣಿಗೆ, ರಥಬೀದಿ. ಕೃಷ್ಣಮಠದೊಳಗೆ ಇಳಿಯುವ ಸ್ವಾಮೀಜಿ ಏರುವವರ ಕೈಗೆ ಕೊಡುವುದು ಮೂರೇ ವಸ್ತು: ಅಕ್ಷಯಪಾತ್ರೆ, ಬೆಳ್ಳಿಯ ಸಟ್ಟುಗ, ಗರ್ಭಗುಡಿಯ ಬೀಗದ ಕೈ. ಎರಡು ವರ್ಷದ ಅಧಿಕಾರವೆಂದರೆ ಬಂದವರಿಗೆಲ್ಲ ಅನ್ನ ಬಡಿಸುವ ಹೊಣೆ ಎಂದು ಆ ಸಟ್ಟುಗವೇ ಹೇಳುತ್ತದೆ. ಎರಡು ತಿಂಗಳಿದ್ದ ಪೂಜೆಯ ಸರದಿಯನ್ನು ವಾದಿರಾಜರು ಎರಡು ವರ್ಷ ಮಾಡಿದ್ದು 1522ರಲ್ಲಿ. ಅಂದಿನಿಂದ ಎಂಟು ಮಠಗಳ ನಡುವೆ ಆ ಸಟ್ಟುಗ ಕೈಯಿಂದ ಕೈಗೆ ಹೋಗುತ್ತಲೇ ಇದೆ. ನನಗೆ ಅದಕ್ಕಿಂತಲೂ ಮುಖ್ಯವಾಗಿ ಕಂಡದ್ದು ಅದರ ತಯಾರಿ. ಪೀಠವೇರುವ ಒಂದು ವರ್ಷ ಮೊದಲೇ ಬಾಳೆ ಮುಹೂರ್ತ ಮಾಡಿ ಬಾಳೆಗಿಡ ನೆಡುತ್ತಾರೆ, ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತದ ಮುಹೂರ್ತ. ಉಣ್ಣಲು ಬರುವವರಿಗೆ ಎಲೆ, ಅಕ್ಕಿ, ಸೌದೆ ಸಿದ್ಧವಾಗದೆ ಯಾರೂ ಪೀಠದಲ್ಲಿ ಕೂರುವುದಿಲ್ಲ.

ನಮ್ಮ ವಿದ್ಯಾರ್ಥಿ ಪರಿಷತ್ತುಗಳಲ್ಲಿ ಇದೊಂದೂ ಇಲ್ಲ. ಮಾರ್ಚಿನಲ್ಲಿ ಒಬ್ಬರು ಪರೀಕ್ಷೆ ಬರೆದು ಊರಿಗೆ ಹೋಗುತ್ತಾರೆ, ಆಗಸ್ಟಿನಲ್ಲಿ ಇನ್ನೊಬ್ಬರು ಖಾಲಿ ಕಪಾಟು ತೆರೆಯುತ್ತಾರೆ. ಅರ್ಧಕ್ಕೆ ನಿಂತ ಅರ್ಜಿಗಳು ಅಲ್ಲೇ ಸಾಯುತ್ತವೆ. ಆ ಹುಡುಗನ ಪೆನ್ಸಿಲ್ ಚೀಟಿಯೂ ಹಾಗೆಯೇ ಸಾಯುತ್ತಿತ್ತು. ನಾಳೆ ಬೆಳಿಗ್ಗೆ, ಅಭಿನಂದನೆಯ ಸಂದೇಶಗಳಿಗೆ ಉತ್ತರ ಬರೆಯುವ ಮೊದಲು, ನಿನಗಿಂತ ಹಿಂದೆ ಆ ಕುರ್ಚಿಯಲ್ಲಿದ್ದವರಿಗೆ ಫೋನ್ ಮಾಡು. ಅವರು ಕೇಳಿಯೂ ಉತ್ತರ ಸಿಗದೆ ಉಳಿದ ಅಹವಾಲುಗಳು ಯಾವುವು ಎಂದು ಒಂದೊಂದಾಗಿ ಬರೆದುಕೋ. ಅವುಗಳನ್ನು ಕೊಟ್ಟ ಮಕ್ಕಳು ಇನ್ನೂ ಕ್ಯಾಂಪಸ್ಸಿನಲ್ಲಿದ್ದರೆ ಅವರನ್ನು ಹುಡುಕಿ ಹೋಗಿ ಮಾತಾಡಿಸು.